ವೀಲ್ ಅಲೈನ್‌ಮೆಂಟ್: ಸ್ಪೋರ್ಟ್ಸ್ ಕಾರಿಗೆ ‘ಹಸಿರು’ ಬಣ್ಣವಷ್ಟೇ ಸಾಲದು

ಹೊರಗಿನಿಂದ ನೋಡಿದರೆ ಟೈರು ಹೊಸದರಂತೆಯೇ ಇದೆ. ಗೀರುಗಳು ಆಳವಾಗಿವೆ, ಪಾರ್ಶ್ವದಲ್ಲಿ ಬಿರುಕಿಲ್ಲ. ಕಾರನ್ನು ಲಿಫ್ಟ್ ಮೇಲೇರಿಸಿ ಚಕ್ರದ ಒಳಬದಿಗೆ ಟಾರ್ಚ್ ಹಿಡಿದಾಗ ಮಾತ್ರ ನಿಜಸಂಗತಿ ಬಯಲಾಗುತ್ತದೆ. ಒಳಅಂಚಿನ ಎರಡು ಬೆರಳಗಲದ ಪಟ್ಟಿಯಲ್ಲಿ ರಬ್ಬರು ಸಂಪೂರ್ಣ ಸವೆದು ಉಕ್ಕಿನ ತಂತಿಗಳು ಇಣುಕುತ್ತಿವೆ. ಅಗಲವಾದ ಟೈರು, ತಗ್ಗಾದ ಮೈಕಟ್ಟು, ಒಳಕ್ಕೆ ವಾಲಿದ ಚಕ್ರ ಇವು ಮೂರೂ ಕೂಡಿರುವ ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಅಪರೂಪದ ದೃಶ್ಯವಲ್ಲ. ನಮ್ಮ ಮೋಟಾರು ವಾಹನ ನಿಯಮಗಳಂತೆ ಕಾರಿನ ಟೈರಿನ ಗೀರು ಕನಿಷ್ಠ 1.6 ಮಿ.ಮೀ. ಆಳವಿರಬೇಕು. ಆದರೆ ಮಾಲೀಕರು ಪರೀಕ್ಷಿಸುವುದು ಕಣ್ಣಿಗೆ ಕಾಣುವ ಹೊರಅಂಚನ್ನು. ಮಳೆಯಲ್ಲಿ ತೊಯ್ದ ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿ.ಮೀ. ವೇಗದಲ್ಲಿರುವಾಗ ಅಂಥ ಟೈರು ಸಿಡಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಈ ಸವೆತಕ್ಕೆ ಎಲ್ಲರೂ ದೂರುವುದು ಕ್ಯಾಂಬರನ್ನು. ನಿಜವಾದ ಅಪರಾಧಿ ಬಹುತೇಕ ಟೋ.

ಚಕ್ರವನ್ನು ಮುಂದಿನಿಂದ ನೋಡಿದಾಗ ಕಾಣುವ ವಾಲುವಿಕೆಯೇ ಕ್ಯಾಂಬರ್. ಚಕ್ರದ ಮೇಲ್ಭಾಗ ಒಳಕ್ಕೆ ಬಾಗಿದ್ದರೆ ಅದು ನೆಗೆಟಿವ್ ಕ್ಯಾಂಬರ್. ತಿರುವಿನಲ್ಲಿ ಕಾರಿನ ಮೈ ಹೊರಕ್ಕೆ ವಾಲುತ್ತದೆ. ಆಗ ಹೊರಬದಿಯ ಚಕ್ರವು ನೆಲದ ಮೇಲೆ ಸಪಾಟಾಗಿ ಕೂರಲೆಂದೇ ಸ್ಪೋರ್ಟ್ಸ್ ಕಾರುಗಳಿಗೆ ಇದನ್ನು ತುಸು ಹೆಚ್ಚಾಗಿ ಕೊಟ್ಟಿರುತ್ತಾರೆ. ಸ್ಟಿಯರಿಂಗ್ ತಿರುಗುವ ಅಕ್ಷವು ಪಕ್ಕದಿಂದ ನೋಡಿದಾಗ ಹಿಂದಕ್ಕೆ ಓರೆಯಾಗಿರುವುದು ಕ್ಯಾಸ್ಟರ್. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನಡುವಿಗೆ ಮರಳುವುದು ಮುಖ್ಯವಾಗಿ ಇದರಿಂದ. ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿಗಳು ಒಳಕ್ಕೋ ಹೊರಕ್ಕೋ ತಿರುಗಿರುವುದೇ ಟೋ.

ಟೋ ಎಷ್ಟು ದುಬಾರಿ ಎಂಬುದಕ್ಕೆ ಸರಳ ಲೆಕ್ಕವೊಂದಿದೆ. 600 ಮಿ.ಮೀ. ವ್ಯಾಸದ ಚಕ್ರವೊಂದು ಕೇವಲ 3 ಮಿ.ಮೀ. ಓರೆಯಾಗಿದೆ ಎಂದಿಟ್ಟುಕೊಳ್ಳಿ. ಕೋನದ ಲೆಕ್ಕದಲ್ಲಿ ಇದು ಸುಮಾರು 17 ಮಿನಿಟು, ಅಂದರೆ ಮೂರನೇ ಒಂದು ಡಿಗ್ರಿಗಿಂತಲೂ ಕಡಿಮೆ. ಕಣ್ಣಿಗೆ ಕಾಣದು. ಆದರೂ ಚಕ್ರ ನೋಡುತ್ತಿರುವ ದಿಕ್ಕಿಗೂ ಕಾರು ಸಾಗುವ ದಿಕ್ಕಿಗೂ ಪ್ರತಿ ಕಿ.ಮೀ.ಗೆ 5 ಮೀಟರ್ ಅಂತರ ಬೀಳುತ್ತದೆ. ಹತ್ತು ಸಾವಿರ ಕಿ.ಮೀ. ಓಡಿದರೆ 50 ಕಿ.ಮೀ. ದೂರದಷ್ಟು ಅಡ್ಡ ಎಳೆತವನ್ನು ಆ ಟೈರು ಸಹಿಸಿರುತ್ತದೆ. ನೆಗೆಟಿವ್ ಕ್ಯಾಂಬರ್‌ನಿಂದಾಗಿ ಒಳಅಂಚಿನ ಮೇಲೆ ಮೊದಲೇ ಭಾರ ಹೆಚ್ಚಿರುವುದರಿಂದ ಈ ಎಳೆತದ ಪೆಟ್ಟೆಲ್ಲ ಅಲ್ಲಿಗೇ ಬೀಳುತ್ತದೆ. ಟೋ ಸರಿಯಿದ್ದರೆ ಒಂದೆರಡು ಡಿಗ್ರಿ ಕ್ಯಾಂಬರನ್ನು ಟೈರು ಹೆಚ್ಚು ಗೊಣಗದೆ ತಾಳಿಕೊಳ್ಳುತ್ತದೆ.

ಹಿಂದಿನ ಚಕ್ರಗಳ ಪ್ರಶ್ನೆ

ನಗರದ ಬಹುಪಾಲು ಸಣ್ಣ ಕಾರುಗಳ ಮುಂದುಗಡೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದುಗಡೆ ಒಂದೇ ತುಂಡಿನ ತೊಲೆ ಇರುತ್ತದೆ. ಇವುಗಳಲ್ಲಿ ಸಾಮಾನ್ಯವಾಗಿ ಸರಿಪಡಿಸಲು ಸಾಧ್ಯವಿರುವುದು ಮುಂದಿನ ಟೋ ಒಂದನ್ನೇ. ಆದ್ದರಿಂದ ರಸ್ತೆಬದಿಯ ಅಲೈನ್‌ಮೆಂಟ್ ಅಂಗಡಿಗಳಲ್ಲಿ ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಸ್ಪೋರ್ಟ್ಸ್ ಕಾರು ಬಂದಾಗಲೂ ಅದೇ ಕಾಲು ಗಂಟೆಯಲ್ಲಿ ಮುಗಿಸಿ ಕಳಿಸಿದರೆ ಮಾತ್ರ ತೊಂದರೆ.

1989ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಅನಾವರಣಗೊಂಡ ಮಜ್ದಾ ಎಂಎಕ್ಸ್-5 ಕಾರನ್ನೇ ತೆಗೆದುಕೊಳ್ಳಿ. 2016ರಲ್ಲಿ ಇದರ ಉತ್ಪಾದನೆ ಹತ್ತು ಲಕ್ಷ ದಾಟಿತು. ಎರಡು ಆಸನಗಳ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಜನಪ್ರಿಯತೆ ಪಡೆದದ್ದು ಬೇರೊಂದಿಲ್ಲ. ಇದರ ಮೊದಲ ತಲೆಮಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಇದೆ. ಪ್ರತಿ ಕೆಳತೋಳಿನ ಬುಡದಲ್ಲಿ ಎರಡೆರಡು ಓರೆಕೇಂದ್ರದ ಬೋಲ್ಟುಗಳಿವೆ. ಮುಂದುಗಡೆ ಇವೆರಡನ್ನೂ ಒಂದೇ ದಿಕ್ಕಿಗೆ ಸರಿಸಿದರೆ ಕ್ಯಾಂಬರ್ ಬದಲಾಗುತ್ತದೆ, ವಿರುದ್ಧ ದಿಕ್ಕಿಗೆ ಸರಿಸಿದರೆ ಕ್ಯಾಸ್ಟರ್. ಹಿಂದುಗಡೆ ಅದೇ ಬೋಲ್ಟುಗಳಿಂದ ಕ್ಯಾಂಬರ್ ಮತ್ತು ಟೋ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ. ತಾಳ್ಮೆಯಿಲ್ಲದವರ ಕೆಲಸ ಇದಲ್ಲ.

ಹಳೆಯ ಎಂಎಕ್ಸ್-5ಗಳಲ್ಲಿ ಈ ಬೋಲ್ಟುಗಳು ತುಕ್ಕು ಹಿಡಿದು ಬುಷ್‌ನ ಉಕ್ಕಿನ ತೋಳಿಗೆ ಅಂಟಿಕೊಳ್ಳುವುದು ಪ್ರಸಿದ್ಧವಾದ ಪೀಡೆ. ಮೆಕ್ಯಾನಿಕ್ ಎರಡು ಬಾರಿ ಪಾನಾ ಹಾಕಿ ನೋಡಿ, ಬಿಡದಿದ್ದಾಗ ಮುಂದಿನ ಟೋ ಮಾತ್ರ ಸರಿಮಾಡಿ ಬಿಲ್ಲು ಬರೆಯುತ್ತಾನೆ. ಅಲೈನ್‌ಮೆಂಟಿಗೆ ಹೋಗುವ ಕೆಲವು ದಿನ ಮೊದಲೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಅವು ತಿರುಗುತ್ತವೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು ಜಾಣತನ.

ಹಿಂದಿನ ಟೋ ಸುರಕ್ಷತೆಯ ವಿಷಯ. ಹಿಂಚಕ್ರಗಳ ಮೂತಿ ತುಸು ಒಳಕ್ಕಿದ್ದರೆ ಕಾರು ಸ್ಥಿರವಾಗಿರುತ್ತದೆ. ಹೊರಕ್ಕೆ ತಿರುಗಿದ್ದರೆ, ತಿರುವಿನಲ್ಲಿ ಭಾರ ಹೊತ್ತ ಹೊರಚಕ್ರವು ಕಾರಿನ ಬಾಲವನ್ನು ಹೊರಗೆಳೆಯುತ್ತದೆ. ಎಂಜಿನ್ ಹಿಂದಿರುವ ಪೋರ್ಷೆ 911ರಂಥ ಕಾರುಗಳಲ್ಲಿ ಇದನ್ನು ಹಗುರವಾಗಿ ಕಾಣುವಂತಿಲ್ಲ. ತಿರುವಿನ ನಡುವೆ ಚಾಲಕ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟಾಗ ಹಿಂಚಕ್ರಗಳು ಹೊರಕ್ಕೆ ತಿರುಗುವ ದೋಷವನ್ನು ನಿವಾರಿಸಲೆಂದೇ ಪೋರ್ಷೆ ಕಂಪನಿಯು 1977ರ ತನ್ನ 928 ಕಾರಿನಲ್ಲಿ ‘ವೈಸಾಖ್ ಆಕ್ಸಲ್’ ಎಂಬ ವ್ಯವಸ್ಥೆಯನ್ನು ತಂದಿತು. ಒಂದು ಇಡೀ ಸಸ್ಪೆನ್ಷನ್ನನ್ನೇ ಯಾವ ಕೋನಕ್ಕಾಗಿ ಮರುವಿನ್ಯಾಸ ಮಾಡಿದರೋ ಅದೇ ಕೋನವನ್ನು ಅಂಗಡಿಯಲ್ಲಿ ಅಳೆಯದೆಯೇ ಬಿಡುವುದು ವಿಪರ್ಯಾಸ.

ಅಂಗಡಿಯಲ್ಲಿ ಗಮನಿಸಬೇಕಾದದ್ದು

ಕೆಲಸ ಆರಂಭವಾಗಬೇಕಾದದ್ದು ಯಂತ್ರದಿಂದಲ್ಲ. ಟೈರುಗಳ ಗಾಳಿ, ಬಾಲ್ ಜಾಯಿಂಟ್, ಟೈ ರಾಡ್ ತುದಿ, ಬುಷ್‌ಗಳು ಇವುಗಳಲ್ಲಿ ಸಡಿಲವಿದ್ದರೆ ಅಳತೆಗೆ ಅರ್ಥವಿಲ್ಲ. ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸುವ ಇರಾದೆ ಇದ್ದವರು ಅದನ್ನು ಮೊದಲು ಮುಗಿಸಬೇಕು. ಎತ್ತರ ಬದಲಾದರೆ ಎಲ್ಲ ಕೋನಗಳೂ ಬದಲಾಗುತ್ತವೆ.

ತೂಕದ ವಿಚಾರವನ್ನು ನಮ್ಮಲ್ಲಿ ಬಹುತೇಕ ಮರೆತೇಬಿಡುತ್ತಾರೆ. ಬಿಎಂಡಬ್ಲ್ಯು ಕಂಪನಿಯು ತನ್ನ ಹಲವು ಮಾದರಿಗಳಿಗೆ ಆಸನಗಳ ಮೇಲೆ ನಿಗದಿತ ತೂಕವನ್ನಿಟ್ಟೇ ಅಳೆಯಬೇಕೆಂದು ಸೂಚಿಸುತ್ತದೆ. ಒಂದು ಟನ್ನಿನ ಆಸುಪಾಸಿನ ಹಗುರ ಕಾರಿನಲ್ಲಿ 75 ಕಿಲೋ ತೂಗುವ ಚಾಲಕ ಬಲಗಡೆ ಕುಳಿತರೆ ಆ ಬದಿ ಇಳಿಯುವುದು ಸಹಜ. ಇಟ್ಟ ಮರಳಿನ ಮೂಟೆಯನ್ನು ಕಂಡು ಯಾರಾದರೂ ನಕ್ಕರೆ ನಗಲಿ.

ಲಿಫ್ಟಿನಿಂದ ಇಳಿಸಿದ ಕಾರನ್ನು ಒಂದೆರಡು ಬಾರಿ ಒತ್ತಿ ಬಿಟ್ಟು ಸಸ್ಪೆನ್ಷನ್ ನೆಲೆಗೊಳ್ಳಲು ಬಿಡಬೇಕು. ಮೊದಲು ಹಿಂದಿನ ಕ್ಯಾಂಬರ್, ಹಿಂದಿನ ಟೋ. ಕಾರು ನೇರ ಸಾಗುವ ರೇಖೆಯನ್ನು ನಿರ್ಧರಿಸುವುದು ಹಿಂಚಕ್ರಗಳೇ. ಆ ರೇಖೆ ಓರೆಯಾಗಿದ್ದರೆ ನೇರ ರಸ್ತೆಯಲ್ಲೂ ಸ್ಟಿಯರಿಂಗ್ ಸೊಟ್ಟಗೆ ನಿಲ್ಲುತ್ತದೆ. ಆಮೇಲೆ ಮುಂದಿನ ಕ್ಯಾಸ್ಟರ್, ಕ್ಯಾಂಬರ್, ಕಟ್ಟಕಡೆಗೆ ಟೋ. ಬುಷ್‌ಗಳ ಬೋಲ್ಟುಗಳನ್ನು ಕೊನೆಯದಾಗಿ ಬಿಗಿಗೊಳಿಸುವಾಗ ಕಾರು ತನ್ನ ಚಕ್ರಗಳ ಮೇಲೆ ನಿಂತಿರಬೇಕು. ಗಾಳಿಯಲ್ಲಿ ತೂಗುವಾಗ ಬಿಗಿದರೆ ಒಳಗಿನ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ.

ಇನ್ನೊಂದು ಸೂಕ್ಷ್ಮ. ತಯಾರಕರ ಕೈಪಿಡಿಗಳಲ್ಲಿ ಕೋನಗಳನ್ನು ಡಿಗ್ರಿ ಮತ್ತು ಮಿನಿಟುಗಳಲ್ಲಿ ಕೊಟ್ಟಿರುವುದುಂಟು. ಅಂಗಡಿಯ ಯಂತ್ರ ದಶಮಾಂಶದಲ್ಲಿ ತೋರಿಸುತ್ತಿರಬಹುದು. ಮೂವತ್ತು ಮಿನಿಟು ಎಂದರೆ ಅರ್ಧ ಡಿಗ್ರಿ, 0.30 ಡಿಗ್ರಿ ಅಲ್ಲ. ಎರಡನ್ನೂ ಒಂದೇ ಎಂದು ಭಾವಿಸಿದರೆ 12 ಮಿನಿಟು ತಪ್ಪಾಗುತ್ತದೆ. ಟೋ ವಿಷಯದಲ್ಲಿ ಅದು ಟೈರು ತಿನ್ನಲು ಸಾಕು. ಟೋವನ್ನು ಮಿಲಿಮೀಟರುಗಳಲ್ಲಿ ಹೇಳಿದರೆ ಎಷ್ಟು ವ್ಯಾಸದಲ್ಲಿ ಅಳೆದದ್ದು ಎಂಬುದೂ ತಿಳಿದಿರಬೇಕು.

ಪರದೆಯ ಮೇಲೆ ಎಲ್ಲವೂ ಹಸಿರಾಗಿದ್ದರೆ ಕೆಲಸ ಮುಗಿದಂತೆ ಎಂಬುದು ಸಾಮಾನ್ಯ ನಂಬಿಕೆ. ಹಸಿರು ಎಂದರೆ ಅನುಮತಿಸಿದ ಮಿತಿಯೊಳಗಿದೆ ಎಂದಷ್ಟೇ. ಕ್ಯಾಂಬರಿನ ಮಿತಿ ಮೈನಸ್ ಕಾಲು ಡಿಗ್ರಿಯಿಂದ ಮೈನಸ್ ಒಂದೂಕಾಲು ಡಿಗ್ರಿವರೆಗೆ ಇದೆ ಎನ್ನಿ. ಎಡಚಕ್ರ ಮೊದಲ ತುದಿಯಲ್ಲೂ ಬಲಚಕ್ರ ಎರಡನೆಯ ತುದಿಯಲ್ಲೂ ಇದ್ದರೆ ಎರಡೂ ಹಸಿರೇ. ಆದರೆ ಕಾರು ಎಡಕ್ಕೆ ಎಳೆಯುತ್ತದೆ. ಆದ್ದರಿಂದ ಎಡಬಲಗಳ ವ್ಯತ್ಯಾಸವನ್ನು ಕೇಳಬೇಕು. ಕೆಲಸಕ್ಕೆ ಮುನ್ನ ಮತ್ತು ನಂತರದ ಅಳತೆಗಳ ಮುದ್ರಿತ ಪ್ರತಿ ಪಡೆಯಬೇಕು. ಅದನ್ನು ಕೊಡಲು ಹಿಂಜರಿಯುವ ಅಂಗಡಿಗೆ ಎರಡನೆಯ ಬಾರಿ ಹೋಗುವ ಅಗತ್ಯವಿಲ್ಲ.

ಎಂಬತ್ತರ ವೇಗ ದಾಟಿದಾಗ ಸ್ಟಿಯರಿಂಗ್ ನಡುಗುತ್ತದೆ ಎಂಬ ದೂರು ಸಾಮಾನ್ಯವಾಗಿ ಬ್ಯಾಲೆನ್ಸಿಂಗ್‌ಗೆ ಸೇರಿದ್ದು. ಅದಕ್ಕೆ ಅಲೈನ್‌ಮೆಂಟ್ ಮದ್ದಲ್ಲ.

ಎಷ್ಟು ಕಿ.ಮೀ.ಗೊಮ್ಮೆ ಮಾಡಿಸಬೇಕು ಎಂಬುದಕ್ಕೆ ನಮ್ಮ ರಸ್ತೆಗಳೇ ಉತ್ತರ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ವೇಗತಡೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲವಿರಬೇಕು. ಬಡಾವಣೆಗಳಲ್ಲಿ ನಾವು ಕಾಣುವ ಗೋಡೆಯಂಥ ಉಬ್ಬುಗಳಿಗೂ ಈ ಅಳತೆಗೂ ನೆಂಟಸ್ತಿಕೆಯಿಲ್ಲ. ಬಲವಾದ ಗುಂಡಿಯೊಂದಕ್ಕೆ ಇಳಿದ ಬಳಿಕ, ಕಿಲೋಮೀಟರು ಲೆಕ್ಕಿಸದೆ, ಒಮ್ಮೆ ಅಳೆಸುವುದು ಕ್ಷೇಮ. ಮಳೆಗಾಲ ಮುಗಿದೊಡನೆ ಇನ್ನೊಮ್ಮೆ.

ಇತ್ತೀಚಿನ ಕಾರುಗಳಲ್ಲಿ ಅಲೈನ್‌ಮೆಂಟ್ ಆದ ಮೇಲೆ ಸ್ಟಿಯರಿಂಗ್ ಕೋನದ ಸೆನ್ಸರನ್ನು ಮತ್ತೆ ಶೂನ್ಯಕ್ಕೆ ಹೊಂದಿಸಬೇಕಾಗಬಹುದು. ಕಾರು ಜಾರುವುದನ್ನು ತಡೆಯುವ ಸ್ಥಿರತಾ ವ್ಯವಸ್ಥೆಯು ಚಾಲಕ ಎತ್ತ ತಿರುಗಿಸುತ್ತಿದ್ದಾನೆಂದು ತಿಳಿಯುವುದು ಅದರಿಂದಲೇ. ಪಥ ಕಾಯುವ ಕ್ಯಾಮರಾ ಇರುವ ಕೆಲವು ಮಾದರಿಗಳಲ್ಲಿ ಕ್ಯಾಮರಾವನ್ನೂ ಹೊಂದಿಸಬೇಕಾಗುತ್ತದೆ. ಈ ಸೌಲಭ್ಯ ಅಂಗಡಿಯಲ್ಲಿದೆಯೇ ಎಂದು ಕಾರು ಒಳಗೆ ತರುವ ಮೊದಲೇ ವಿಚಾರಿಸಿ. ಹಣ ಕೊಡುವ ಮುನ್ನ ಸಮತಟ್ಟಾದ ರಸ್ತೆಯಲ್ಲಿ ಎರಡು ಕಿ.ಮೀ. ಓಡಿಸಿ ನೋಡಿ.