ಓದಿನ ಸಾಲ ಮನ್ನಾ ಮಾಡೋದು ನ್ಯಾಯವೇ?

ಸಾಲ ಮನ್ನಾ ಅಂದ ಕೂಡಲೇ ನಮಗೆ ನೆನಪಾಗೋದು ರೈತರ ಸಾಲ. ಓದಿನ ಸಾಲವನ್ನೂ ಮನ್ನಾ ಮಾಡಬೇಕು ಎಂದು ಕೇಳುವವರಿದ್ದಾರೆ. ನಮ್ಮ ಮನೆಯಲ್ಲೇ ಈ ಸಾಲ ಇರುವುದರಿಂದ ನಾನು ಇದರ ಬಗ್ಗೆ ಬರೆಯುತ್ತಿದ್ದೇನೆ.

ನಮ್ಮಕ್ಕ ನರ್ಸಿಂಗ್ ಓದಲು ಬ್ಯಾಂಕಿನಲ್ಲಿ ಸಾಲ ತೆಗೆದಳು. ಅಪ್ಪನೂ ಸಹಿ ಹಾಕಿದರು. ಓದುವಾಗ ಕಂತು ಕಟ್ಟಬೇಕಿಲ್ಲ. ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ಮೇಲೆ ಕಂತು ಶುರು. ಆದರೆ ಬಡ್ಡಿ ಸುಮ್ಮನೆ ಕೂರೋದಿಲ್ಲ, ಮೊದಲಿಂದಲೇ ಬೆಳೆಯುತ್ತೆ. ಅದಕ್ಕಾಗಿ ಕೇಂದ್ರ ಸರ್ಕಾರ 2009ರಲ್ಲಿ ಒಂದು ಯೋಜನೆ ತಂದಿತು. ಮನೆಯ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಒಳಗಿದ್ದರೆ, ವೃತ್ತಿ ಶಿಕ್ಷಣದ ಸಾಲಕ್ಕೆ ಆ ಅವಧಿಯ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ. ಅಸಲು ಮಾತ್ರ ನಾವೇ ಕಟ್ಟಬೇಕು.

ಅಸಲನ್ನೇ ಮನ್ನಾ ಮಾಡಲು ಹೊರಟ ದೇಶ ಅಮೆರಿಕ. ಅಧ್ಯಕ್ಷ ಜೋ ಬೈಡನ್ 2022ರ ಆಗಸ್ಟ್‌ನಲ್ಲಿ ತಲಾ 10,000 ಡಾಲರ್‌ವರೆಗೆ, ಬಡವರ ವಿದ್ಯಾರ್ಥಿವೇತನ ಪಡೆದಿದ್ದವರಿಗೆ 20,000 ಡಾಲರ್‌ವರೆಗೆ ಮನ್ನಾ ಎಂದು ಸಾರಿದರು. 2023ರ ಜೂನ್ 30ರಂದು ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕಾನೂನು ಸರ್ಕಾರಕ್ಕೆ ಅಷ್ಟು ಅಧಿಕಾರ ಕೊಟ್ಟಿಲ್ಲ ಎಂದಿತು. ಅಧಿಕಾರದ ಪ್ರಶ್ನೆ ಮುಗಿಯಿತು, ನ್ಯಾಯದ ಪ್ರಶ್ನೆ ಉಳಿಯಿತು.

ಮನ್ನಾ ಬೇಡ ಅನ್ನೋರು ಎರಡು ಮಾತು ಹೇಳುತ್ತಾರೆ. ಒಂದು, ಕಷ್ಟಪಟ್ಟು ಸಾಲ ತೀರಿಸಿದವರು ದಡ್ಡರೇ? ನನಗನ್ನಿಸೋದು ಹೀಗೆ: ನಮ್ಮಮ್ಮನ ಕಾಲದಲ್ಲಿ ಶಾಲೆಯಲ್ಲಿ ಬಿಸಿಯೂಟ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾದದ್ದು 2002ರಲ್ಲಿ. ‘ನಾನು ಹಸಿದಿದ್ದೆ, ನೀನೂ ಹಸಿದಿರು’ ಅಂತ ಅಮ್ಮ ಎಂದೂ ಅಂದಿಲ್ಲ.

ಎರಡನೇ ಮಾತಿಗೆ ಉತ್ತರ ಕೊಡೋದು ಕಷ್ಟ. ಪಕ್ಕದ ಮನೆ ಅಣ್ಣ ಹತ್ತನೇ ತರಗತಿಗೇ ಶಾಲೆ ಬಿಟ್ಟು ಟ್ರ್ಯಾಕ್ಟರ್ ಓಡಿಸುತ್ತಾನೆ. ಒಂದು ಸೋಪು ಕೊಂಡರೂ ಅವನು ತೆರಿಗೆ ಕಟ್ಟುತ್ತಾನೆ. ಕಾಲೇಜಿನ ಮೆಟ್ಟಿಲು ಹತ್ತದ ಅವನ ದುಡ್ಡಿನಲ್ಲಿ ಸಂಬಳ ಬರುವ ನಮ್ಮಕ್ಕನ ಸಾಲ ತೀರಿಸಬಹುದೇ?

ಅಕ್ಕನನ್ನೇ ಕೇಳಿದೆ. “ನಂಗೆ ಕೆಲ್ಸ ಸಿಕ್ಕಿದೆ, ನಾನು ಕಟ್ತೀನಿ. ನನ್ ಜೊತೆ ಓದಿ ಇನ್ನೂ ಕೆಲ್ಸ ಸಿಗ್ದೆ ಮನೇಲಿ ಕೂತೋರಿದಾರಲ್ಲ, ಅವ್ರ ಬಡ್ಡಿ ನಿಲ್ಲಿಸ್ಲಿ” ಅಂದಳು.

ನನಗೂ ಅದೇ ಸರಿ ಅನ್ನಿಸಿತು. ಎಲ್ಲರಿಗೂ ಒಂದೇ ಸಮ ಮನ್ನಾ ಮಾಡೋದು ನ್ಯಾಯವಲ್ಲ. ಕಟ್ಟಲಾಗದವರನ್ನು ಕೈಬಿಡೋದೂ ನ್ಯಾಯವಲ್ಲ. ಮುಂದೆ ನಾನೂ ಸಾಲ ಮಾಡಿಯೇ ಓದಬೇಕಾಗಬಹುದು. ಹಾಗಿದ್ದೂ ಇದೇ ನನ್ನ ಅಭಿಪ್ರಾಯ. ನೀವೇನಂತೀರಿ? ಬರೆದು ಕೊಡಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.

— ಒಬ್ಬ ವಿದ್ಯಾರ್ಥಿನಿ, 10ನೇ ತರಗತಿ