‘ಟರ್ಬೊ ಹೋಗೇತ್ರಿ!’

ಸವಡಿಯಿಂದ ಉಳ್ಳಾಗಡ್ಡಿ ಹೇರಿಕೊಂಡು ಗದಗಿನ ಎಪಿಎಂಸಿಗೆ ಹೊರಟ ಗಾಡಿ ಸಣ್ಣ ಏರಿಗೂ ಏದುಸಿರು ಬಿಡುತ್ತದೆ. ಹಿಂದೆ ಕರಿ ಹೊಗೆ, ಬಾನೆಟ್ಟಿನೊಳಗೆ ಚುಸ್‌ ಚುಸ್‌ ಸಪ್ಪಳ. ರೋಣ ಸೀಮೆಯ ಡ್ರೈವರ್‌ನನ್ನು ಕೇಳಿದರೆ ‘ಟರ್ಬೊ ಹೋಗೇತ್ರಿ’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾನೆ. ಆದರೆ ಎಷ್ಟೋ ಸಲ ಹೋಗಿರುವುದು ಇಡೀ ಟರ್ಬೊ ಅಲ್ಲ, ಅದರ ಬಿಸಿ ಬದಿಯ ಎರಕದ ಕವಚ ಮಾತ್ರ. ಗ್ಯಾರೇಜಿನವರ ಬಾಯಲ್ಲಿ ಅದು ‘ಹೌಸಿಂಗ್’. ಅದೊಂದನ್ನೇ ಬಿಚ್ಚಿ ಬದಲಿಸಬಲ್ಲ ಮಿಸ್ತ್ರಿ ಸಿಕ್ಕರೆ ಮಾಲೀಕನ ಜೇಬು ಉಳಿಯಿತು.

ಸೈಲೆನ್ಸರಿನತ್ತ ಹೋಗುವ ಹೊಗೆಯಿಂದಲೇ ಕೆಲಸ ತೆಗೆದುಕೊಳ್ಳುವ ಉಪಾಯ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿಯದು. 1905ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಹೊಗೆಯ ರಭಸಕ್ಕೆ ಟರ್ಬೈನ್ ಎಂಬ ಒಂದು ಚಕ್ರ ತಿರುಗುತ್ತದೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಡೀಸೆಲ್ ಕಾರಿಗೆ ಈ ಟರ್ಬೊ ಬಂದದ್ದು 1978ರ ಮರ್ಸಿಡಿಸ್ 300 ಎಸ್‌ಡಿಯಲ್ಲಿ. ನಮ್ಮಲ್ಲಿ ಹೊಗೆಯ ನಿಯಮಗಳು ಬಿಗಿಯಾದಂತೆ, ಅದರಲ್ಲೂ 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ, ಟರ್ಬೊ ಇಲ್ಲದ ಡೀಸೆಲ್ ಜೀಪು, ಪಿಕಪ್ ಹೊಸದಾಗಿ ಸಿಗುವುದೇ ಅಪರೂಪ.

ಗಜೇಂದ್ರಗಡದ ಗುಡ್ಡದ ಮೇಲೆ ನಿಂತಿರುವ ಗಾಳಿಯಂತ್ರವೂ ಟರ್ಬೈನೇ. ಅದು ನಿಮಿಷಕ್ಕೆ ಹತ್ತಿಪ್ಪತ್ತು ಸುತ್ತು ತಿರುಗಿದರೆ ಹೆಚ್ಚು. ಅಂಗೈಯಲ್ಲಿ ಹಿಡಿಸುವ ಟರ್ಬೊದ ಚಕ್ರ ಒಂದೂವರೆ ಲಕ್ಷ ಸುತ್ತು ದಾಟುತ್ತದೆ. ಅದರ ಸುತ್ತ ಶಂಖದ ಹಾಗೆ ಸುರುಳಿಯಾಗಿ ಕಿರಿದಾಗುತ್ತ ಹೋಗುವ ಕವಚವೇ ನಮ್ಮ ಹೌಸಿಂಗ್. ಡೀಸೆಲ್ ಎಂಜಿನ್‌ನಲ್ಲಿ ಅದು 700–800 ಡಿಗ್ರಿ ಸೆಲ್ಸಿಯಸ್‌ವರೆಗಿನ ಹೊಗೆಯನ್ನು ತಾಳಬೇಕು, ಪೆಟ್ರೋಲ್‌ನಲ್ಲಿ ಇನ್ನೂ ಹೆಚ್ಚು. ಅದಕ್ಕೇ ಸಿಲಿಕಾನ್, ಮಾಲಿಬ್ಡಿನಮ್ ಬೆರೆಸಿದ ಎರಕದ ಕಬ್ಬಿಣ, ಪೆಟ್ರೋಲ್ ಗಾಡಿಗೆ ನಿಕ್ಕೆಲ್ ಹೆಚ್ಚಿರುವ ಎರಕ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಬಳಸುತ್ತಾರೆ. ಎಷ್ಟು ಗಟ್ಟಿಯಾದರೂ ದಿನಾ ಕಾದು ಆರುವ ಲೋಹ ಒಂದು ದಿನ ಸೀಳುತ್ತದೆ. ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು ಏರ್ ಫಿಲ್ಟರನ್ನು ಕಟ್ಟಿಹಾಕಿದರೆ ಗಾಳಿ ಸಾಲದೆ ಹೊಗೆಯ ಬಿಸಿ ಏರುತ್ತದೆ, ಸೀಳುವ ದಿನ ಬೇಗ ಬರುತ್ತದೆ.

ಬಿರುಕು ಮೊದಲು ಕಾಣುವುದು ಸುರುಳಿ ಮುಗಿಯುವಲ್ಲಿನ ತೆಳ್ಳನೆಯ ನಾಲಗೆಯಲ್ಲಿ, ಇಲ್ಲವೇ ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ತೂತಿನ ಅಂಚಿನಲ್ಲಿ. ಅನುಭವ ಬೇಕಾಗುವುದು ಇಲ್ಲೇ. ಒಳಗಿನ ಕೂದಲೆಳೆ ಬಿರುಕುಗಳನ್ನೆಲ್ಲ ಕಂಡು ಹೆದರಬೇಕಿಲ್ಲ, ಅವುಗಳೊಂದಿಗೇ ಗಾಡಿ ವರ್ಷಗಟ್ಟಲೆ ಓಡಬಹುದು. ಹೊರಗೋಡೆಯನ್ನು ದಾಟಿ ಹೊಗೆ ಉಗುಳುವ ಸೀಳು, ಚೂರು ಕಳಚಿ ಚಕ್ರಕ್ಕೆ ಬಡಿಯುವಂತಿರುವ ಸೀಳು, ಇವೆರಡಕ್ಕೆ ಮಾತ್ರ ಬದಲಾವಣೆಯೇ ಮದ್ದು. ವೆಲ್ಡಿಂಗ್ ಮಾಡಿ ಕಳಿಸುವವರೂ ಇದ್ದಾರೆ. ಎರಕದ ಕಬ್ಬಿಣಕ್ಕೆ ಹಾಕಿದ ಹೊಲಿಗೆ ಆ ಬಿಸಿಯಲ್ಲಿ ಬಹುಕಾಲ ನಿಲ್ಲುವುದಿಲ್ಲ. ಉಳಿಸಿದ ದುಡ್ಡಿಗಿಂತ ಹೆಚ್ಚಿನದನ್ನು ಅದು ಚಕ್ರದ ರೂಪದಲ್ಲಿ ತಿಂದುಹಾಕುತ್ತದೆ.

ಸವಡಿಯ ಕಡೆಯ ಗಾಡಿಗಳು ಇಂಥ ಕೆಲಸಕ್ಕೆ ಗದಗಿಗೋ ಹುಬ್ಬಳ್ಳಿಗೋ ಹೋಗಬೇಕು. ಅಲ್ಲಿ ದಿನ ಹಿಡಿಯುವುದು ಜೋಡಿಸುವುದಕ್ಕಲ್ಲ, ಬಿಚ್ಚುವುದಕ್ಕೆ. ವರ್ಷಗಟ್ಟಲೆ ಕಾದ ಬೋಲ್ಟುಗಳು ಎರಕದೊಂದಿಗೆ ಒಂದಾಗಿರುತ್ತವೆ. ಒಳ್ಳೆಯ ಮಿಸ್ತ್ರಿ ಹಿಂದಿನ ರಾತ್ರಿಯೇ ಜಂಗು ಬಿಡಿಸುವ ಎಣ್ಣೆ ಬಿಟ್ಟಿರುತ್ತಾನೆ. ಬೆಳಿಗ್ಗೆ ಪಾನಾ ಹಾಕಿ ಮೊದಲು ಬಿಗಿಯುವ ಕಡೆಗೇ ಕೂದಲಷ್ಟು ಅಲುಗಿಸುತ್ತಾನೆ, ಆಮೇಲೆ ಸಡಿಲಿಸುತ್ತಾನೆ. ಅಲುಗದಿದ್ದರೆ ಗ್ಯಾಸಿನ ಜ್ವಾಲೆ. ಸ್ಟಡ್ ಮುರಿದೇಹೋದರೆ ಉಳಿದ ತುಂಡಿಗೆ ನಟ್ಟೊಂದನ್ನು ವೆಲ್ಡ್ ಮಾಡುತ್ತಾನೆ. ಆ ಬಿಸಿಗೆ ಹಿಡಿತ ಬಿಟ್ಟು ತುಂಡು ನಟ್ಟಿನೊಂದಿಗೆ ತಿರುಗಿ ಹೊರಬರುತ್ತದೆ. ಇದನ್ನು ನೋಡುತ್ತ ನಿಂತವರಿಗೆ ಚಹಾ ಆರಿದ್ದೂ ಗೊತ್ತಾಗುವುದಿಲ್ಲ.

ಬಿಚ್ಚುವ ಮೊದಲೇ ಬಿಸಿ ಬದಿಯ, ಗಾಳಿ ಬದಿಯ ಎರಡೂ ಕವಚಗಳಿಗೆ, ದಂಡವನ್ನು ಹಿಡಿದಿರುವ ನಡುವಿನ ಕೋರ್‌ಗೆ ಅಡ್ಡಲಾಗಿ ಗುರುತಿನ ಗೀರು ಎಳೆಯಬೇಕು. ಮರುಜೋಡಣೆಯಲ್ಲಿ ಕೋನ ತಪ್ಪಿದರೆ ಎಣ್ಣೆ ಇಳಿಯುವ ಕೊಳವೆ ನೇರ ಕೆಳಮುಖವಾಗುವುದಿಲ್ಲ, ಎಣ್ಣೆ ಇಳಿಯದೆ ಸೀಲು ದಾಟಿ ಹೊಗೆಯಲ್ಲಿ ಸುಡುತ್ತದೆ. ಹೌಸಿಂಗಿನಿಂದ ಕೋರ್ ಬಿಡಿಸುವಾಗಲಂತೂ ಕಬ್ಬಿಣದ ಸುತ್ತಿಗೆ ಕೂಡದು. ನೈಲಾನ್ ಅಥವಾ ತಾಮ್ರದ ಸುತ್ತಿಗೆಯಿಂದ ಸುತ್ತಲೂ ಸಮನಾಗಿ ತಟ್ಟುತ್ತ ನೇರಕ್ಕೆ ಎಳೆಯಬೇಕು. ಒಂದೇ ಕಡೆ ಎಳೆದರೆ ಗೋಡೆಗೆ ತಾಗಿ ರೆಕ್ಕೆ ಸೊಟ್ಟಗಾಗುತ್ತದೆ, ಅಲ್ಲಿಗೆ ಕೋರ್ ಕೂಡ ಹೋಯಿತು. ಹೊರಬಂದ ಕೋರ್‌ನ ದಂಡವನ್ನು ಬೆರಳಲ್ಲಿ ಅಲುಗಿಸಿ ನೋಡುತ್ತಾರೆ. ಅಡ್ಡಕ್ಕೆ ತುಸು ಆಟ ಇರುವುದು ಸಹಜ. ಉದ್ದಕ್ಕೆ ಹಿಂದೆ ಮುಂದೆ ಸರಿದಾಡಿದರೆ ಹೊಸ ಹೌಸಿಂಗ್ ಹಾಕಿ ಪ್ರಯೋಜನವಿಲ್ಲ.

ಗುಜರಿಯಲ್ಲಿ ಹುಡುಕುವವರಿಗೊಂದು ಮಾತು. ಬೋಲ್ಟ್ ತೂತು ಹೊಂದಿದ ಮಾತ್ರಕ್ಕೆ ಹೌಸಿಂಗ್ ಹೊಂದಿತೆಂದಲ್ಲ. ಸುರುಳಿಯ ಒಳ ಅಳತೆ ದೊಡ್ಡದಾದರೆ ಗಾಡಿ ಕೆಳಗಿನ ವೇಗದಲ್ಲಿ ಎಳೆಯುವುದಿಲ್ಲ, ಚಿಕ್ಕದಾದರೆ ಮೇಲೆ ಉಸಿರು ಕಟ್ಟುತ್ತದೆ. ಆದ್ದರಿಂದ ಪಾರ್ಟ್ ನಂಬರ್ ನೋಡಿಯೇ ಕೊಳ್ಳಬೇಕು. ಜೋಡಿಸುವಾಗ ಬೋಲ್ಟುಗಳಿಗೆ ಬಿಸಿ ತಡೆಯುವ ನಿಕ್ಕೆಲ್ ಪೇಸ್ಟ್, ಹೊಸ ಗ್ಯಾಸ್ಕೆಟ್. ಕೊನೆಗೆ ಎಣ್ಣೆಯ ದಾರಿಯಲ್ಲಿ ಸ್ವಚ್ಛ ಆಯಿಲ್ ಸುರಿದು ಕೈಯಿಂದ ಚಕ್ರ ತಿರುಗಿಸಿ ನೋಡುತ್ತಾರೆ. ಒಣ ಬೇರಿಂಗಿನ ಮೇಲೆ ಸ್ಟಾರ್ಟ್ ಮಾಡಿದರೆ ಅದು ಅಲ್ಲೇ ಸವೆಯುತ್ತದೆ.

ಈಚಿನ ಎಷ್ಟೋ ಡೀಸೆಲ್ ಕಾರುಗಳಲ್ಲಿ ಹೌಸಿಂಗಿನೊಳಗೇ ಅಲುಗಾಡುವ ರೆಕ್ಕೆಗಳ ಉಂಗುರವಿರುತ್ತದೆ. ಅದರ ಹೊಂದಾಣಿಕೆಗೆ ಗಾಳಿಯ ಹರಿವು ಅಳೆಯುವ ಯಂತ್ರ ಬೇಕು, ಪಾನಾ ಸುತ್ತಿಗೆ ಸಾಲವು. ಅಂಥ ಗಾಡಿ ಬಂದಾಗ ‘ಇದು ನಮ್ಮ ಕೈಯಾಗ ಆಗಂಗಿಲ್ರಿ, ಹೊಸಾದು ಹಾಕ್ಸ್ರಿ’ ಎನ್ನುವ ಮಿಸ್ತ್ರಿಯ ಹತ್ತಿರವೇ ಹಳೆಯ ಬೊಲೆರೊ ಬಿಡುವುದು ಲೇಸು. ಬದಲಿಸಿದ ಮೇಲೆ ಹಳೆಯ ಹೌಸಿಂಗ್ ಕೇಳಿ ಪಡೆದು, ಬಿಸಿಲಿಗೆ ಹಿಡಿದು ನಾಲಗೆಯ ಹತ್ತಿರ ನೋಡಿ. ಸೀಳು ಇದ್ದರೆ ಬರಿಗಣ್ಣಿಗೇ ಕಾಣುತ್ತದೆ.