ಗಂಧದ ಸೋಪಿನ ಹಿಂದಿನ ಪ್ರಯೋಗಶಾಲೆ

ಮೈಸೂರು ಸ್ಯಾಂಡಲ್ ಸೋಪು ಎಲ್ಲರಿಗೂ ಗೊತ್ತು. ಅದರ ಹಿಂದೆ ಬೆಂಗಳೂರಿನ ವಿಜ್ಞಾನಿಗಳ ಸಂಶೋಧನೆ ಇದೆ ಅನ್ನೋದು ಗೊತ್ತಾ?

ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಗಂಧದ ಮರ ಹಡಗು ಹತ್ತಿ ಯುರೋಪಿಗೆ ಹೋಗ್ತಿತ್ತು. ಎಣ್ಣೆ ತೆಗೆಯೋದು ಅಲ್ಲಿ, ಲಾಭವೂ ಅಲ್ಲೇ. 1914ರಲ್ಲಿ ಆ ಯುದ್ಧ ಶುರುವಾಯ್ತು, ರಫ್ತು ನಿಂತಿತು. ಕಡಿದಿಟ್ಟ ಗಂಧ ಇಲ್ಲೇ ರಾಶಿ ಬಿತ್ತು.

ಎಣ್ಣೆಯನ್ನ ನಾವೇ ತೆಗೆಯೋಣ ಅಂತ ಸಂಸ್ಥಾನ ನಿರ್ಧರಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ನೆರವಿಗೆ ಬಂದವರು ಟಾಟಾ ಇನ್‌ಸ್ಟಿಟ್ಯೂಟ್‌ನ, ಅಂದ್ರೆ ಈಗಿನ ಐಐಎಸ್‌ಸಿಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್.

ಕೆಲಸ ಹೀಗೆ: ಮರದ ಚೇಗು ಮತ್ತು ಬೇರನ್ನ ಪುಡಿ ಮಾಡಬೇಕು, ಅದರೊಳಗೆ ಹಬೆ ಹಾಯಿಸಬೇಕು. ಹಬೆ ಎಣ್ಣೆಯ ಆವಿಯನ್ನೂ ಹೊತ್ತು ಹೊರಡುತ್ತೆ. ತಣ್ಣಗಾದಾಗ ನೀರು ಕೆಳಗೆ, ತಿಳಿ ಹಳದಿ ಎಣ್ಣೆ ಮೇಲೆ. ಗಂಧದೆಣ್ಣೆ ಸುಲಭಕ್ಕೆ ಹೊರಬರೋದಲ್ಲ, ಗಂಟೆಗಟ್ಟಲೆ ಹಬೆ ಬೇಕು. ಲ್ಯಾಬಿನಲ್ಲಿ ಪಳಗಿದ ಈ ವಿದ್ಯೆ 1916ರಲ್ಲಿ ಕಾರ್ಖಾನೆಗೆ ಬಂತು.

ನನಗೆ ತುಂಬಾ ಇಷ್ಟವಾಗೋದು ಮುಂದಿನ ಹೆಜ್ಜೆ. ಎಣ್ಣೆ ಮಾರಿ ಸುಮ್ಮನಾಗಲಿಲ್ಲ. ಎಸ್.ಜಿ. ಶಾಸ್ತ್ರಿ ಅನ್ನೋ ರಸಾಯನತಜ್ಞರನ್ನ ಸೋಪಿನ ತಂತ್ರ ಕಲಿಯೋಕೆ ಇಂಗ್ಲೆಂಡಿಗೆ ಕಳಿಸಿದ್ರು. ಒಬ್ಬರ ಓದಿಗೆ ಸರ್ಕಾರ ಹಾಕಿದ ದುಡ್ಡು ಒಂದು ಉದ್ಯಮವನ್ನೇ ಕಟ್ಟಿತು.

1918ರಲ್ಲಿ ಸೋಪು ಮಾರುಕಟ್ಟೆಗೆ ಬಂತು. ಅದರ ಗುರುತು ಶರಭ: ಸಿಂಹದ ಮೈ, ಆನೆಯ ತಲೆ. ಆ ಸೋಪಿನ ಕಾರ್ಖಾನೆಯೇ ಇವತ್ತಿನ ಕೆಎಸ್‌ಡಿಎಲ್, ಈಗಲೂ ಕರ್ನಾಟಕ ಸರ್ಕಾರದ್ದೇ.